ತಪ್ಪು ನುಡಿಸುವ ಪಾಠ

ದೊಡ್ಡವರಿಗೆ ಹಾರ್ಮೋನಿಯಂ ಕಲಿಸುವವನಿಗೆ ಮೊದಲು ಬೇಕಾದದ್ದು ನಗು ತಡೆದುಕೊಳ್ಳುವ ಶಕ್ತಿ. ಸಂಗೀತ ಆಮೇಲಿನ ಮಾತು. ಮಕ್ಕಳು ತಪ್ಪು ನುಡಿಸಿಯೂ ಖುಷಿಯಾಗಿರುತ್ತಾರೆ, ನೀವು ನಕ್ಕರೆ ಅವರೂ ನಗುತ್ತಾರೆ. ನಲವತ್ತು ದಾಟಿದವರ ಕಥೆಯೇ ಬೇರೆ. ಕೆಟ್ಟದಾಗಿ ನುಡಿಸಿದೆ ಎನ್ನುವುದು ನಿಮಗಿಂತ ಮೊದಲು ಅವರಿಗೇ ಗೊತ್ತಾಗುತ್ತದೆ. ಕಚೇರಿಯಲ್ಲಿ ಹತ್ತಾರು ಜನರನ್ನು ಎದುರಿಗೆ ನಿಲ್ಲಿಸಿಕೊಂಡು ಗದರುವವನು ಇಲ್ಲಿ ಬಂದು ಸ, ರಿ ಎಂದು ಎರಡು ಮನೆ ಒತ್ತುವಷ್ಟರಲ್ಲಿ ಹಣೆ ಒರೆಸಿಕೊಂಡು "ಸಾರಿ ಸರ್" ಅನ್ನುತ್ತಾನೆ. ಹಾರ್ಮೋನಿಯಂನಲ್ಲಿ ಬೆರಳು ಒತ್ತುವ ಪಟ್ಟಿಗಳಿಗೆ ನಾವು ಮನೆ ಎನ್ನುತ್ತೇವೆ, ಕರಿ ಮನೆ, ಬಿಳಿ ಮನೆ. ಆ ಹೊತ್ತಿನಲ್ಲಿ ನಿಮ್ಮ ತುಟಿ ಒಂದಿಷ್ಟು ಅಲುಗಿತೋ, ಮುಂದಿನ ವಾರ ಅವನಿಗೆ ಜ್ವರ ಬರುತ್ತದೆ, ಅದರ ಮುಂದಿನ ವಾರ ಊರಿನಿಂದ ನೆಂಟರು ಬರುತ್ತಾರೆ. ಆಮೇಲೆ ಅವನೇ ಬರುವುದಿಲ್ಲ.

ನನ್ನ ದುಡಿಮೆಯೆಲ್ಲ ಇಂಥವರ ಜೊತೆಯೇ ಕಳೆಯಿತು. ಮೊದಲು ಶಿವಾಜಿನಗರದ ಒಂದು ಸಂಗೀತ ಶಾಲೆಯಲ್ಲಿ ಸಂಬಳಕ್ಕೆ, ಆಮೇಲೆ ಹಲಸೂರಿನಲ್ಲಿ ಪಾತ್ರೆ ಅಂಗಡಿಯ ಮೇಲಿನ ನನ್ನದೇ ಕೋಣೆಯಲ್ಲಿ. ನಡುನಡುವೆ ಸ್ಕೂಟರ್ ಹತ್ತಿ ಲಿಂಗರಾಜಪುರ, ಇಂದಿರಾನಗರ ಅಂತ ಮನೆಮನೆ ಪಾಠ. ಮೊಣಕಾಲು ಮೆಟ್ಟಿಲು ಒಲ್ಲೆ ಎಂದ ಮೇಲೆ ಕೋಣೆ ಬಿಟ್ಟುಕೊಟ್ಟೆ. ಮೊನ್ನೆ ಮರ್ಫಿ ಟೌನಿನಲ್ಲಿ ಹೊಸದಾಗಿ ಕ್ಲಾಸು ತೆರೆದ ಒಬ್ಬ ಹುಡುಗಿ ಬಂದು, "ಅಂಕಲ್, ಮಕ್ಕಳನ್ನ ಹೇಗೋ ಮ್ಯಾನೇಜ್ ಮಾಡ್ತೀನಿ, ಈ ದೊಡ್ಡವ್ರನ್ನ ಏನ್ ಮಾಡೋದು?" ಎಂದು ಕೇಳಿದಳು. ಅವಳಿಗೆ ಕಾಫಿ ಕುಡಿಸಿ ಹೇಳಿದ್ದು ಅರ್ಧ. ಉಳಿದರ್ಧ ಇಲ್ಲಿದೆ.

ಈ ಕಡೆ ಕಲಿಸುವವನಿಗೆ ಒಂದೇ ಹೆಸರು ಇರುವುದಿಲ್ಲ. ಹಲಸೂರಿನ ಹಳಬರು ಮೇಷ್ಟ್ರೇ ಅನ್ನುತ್ತಾರೆ. ಫ್ರೇಜರ್ ಟೌನಿನವರಿಗೆ ಮಾಸ್ಟರ್, ಸಾಫ್ಟ್‌ವೇರಿನವರಿಗೆ ಸರ್. ಶಿವಾಜಿನಗರದಲ್ಲಿ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದವನೊಬ್ಬ ನನ್ನನ್ನು ಉಸ್ತಾದ್ ಎಂದು ಕರೆಯುತ್ತಿದ್ದ. ಹಾಗೆ ಕರೆದ ದಿನವೆಲ್ಲ ಚಹಾ ನಾನೇ ಕೊಡಿಸಬೇಕಾಗುತ್ತಿತ್ತು. ಯಾವ ಹೆಸರಿಗೂ ನಾನು ಇಲ್ಲ ಅಂದವನಲ್ಲ.

ಶಿವಾಜಿನಗರದ ಆ ಶಾಲೆ ಆರೋಗ್ಯಸ್ವಾಮಿ ಮಾಸ್ಟರದು. ಭಾನುವಾರ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು, ಮಿಕ್ಕ ದಿನ ಶಾಲೆಯಲ್ಲಿ ನಮ್ಮನ್ನು ಆಡಿಸುತ್ತಿದ್ದರು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಮಹಡಿ ಮೇಲೆ ಎರಡು ಕೋಣೆ. ಕೆಳಗೆ ಕಂಡಕ್ಟರುಗಳ ಸೀಟಿ, ಮೇಲೆ ನಮ್ಮ ಸರಿಗಮ. ಮಕ್ಕಳ ಬ್ಯಾಚೆಲ್ಲ ಹಳೆಯ ಮೇಷ್ಟರುಗಳ ಪಾಲು. ಹೊಸದಾಗಿ ಸೇರಿದವನಿಗೆ ಸಂಜೆಯ ದೊಡ್ಡವರ ಬ್ಯಾಚು. ಅದನ್ನು ಯಾರೂ ಕೇಳಿ ಪಡೆದದ್ದು ನನಗೆ ಗೊತ್ತಿಲ್ಲ.

ನನಗೊಂದು ಚಟವಿತ್ತು. ಕೈಯಲ್ಲಿ ಸದಾ ಪೆನ್ಸಿಲು. ಕಲಿಯುವವರು ತಪ್ಪಿದ ಕೂಡಲೇ ಪೆಟ್ಟಿಗೆಯ ಮರದ ಮೇಲೆ ಟಕ್ ಅಂತ ಕುಟ್ಟುವುದು, ಅವರು ಮತ್ತೆ ಮೊದಲಿನಿಂದ ಶುರು ಮಾಡುವುದು. ಒಂದು ಸಂಜೆ ಮಾಸ್ಟರ್ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ, ಬೆರಳು ಮಡಿಸಿ ಹೊರಗೆ ಕರೆದರು.

"ಎನ್ನಪ್ಪಾ, ನೀನು ಮೇಷ್ಟ್ರಾ, ಮರಕುಟಿಗನಾ?"

"ತಪ್ಪು ಮಾಡಿದ್ರೆ ಹೇಳ್ಬೇಕಲ್ವಾ ಮಾಸ್ಟರ್?"

"ಆ ಮನುಷ್ಯ ಬೆಳಗ್ಗೆಯಿಂದ ಆಫೀಸಲ್ಲಿ ಬೈಸ್ಕೊಂಡು ಬಂದಿದ್ದಾನೆ. ಮನೆಗ್ ಹೋದ್ರೆ ಅಲ್ಲೂ ಬೈತಾರೆ. ನಡುವೆ ಒಂದು ಗಂಟೆ ಇಲ್ಲಿ ಕೂತ್ರೆ ನೀನು ಟಕ್ ಟಕ್ ಅಂತೀಯ. ಎಲ್ಲಿಗ್ ಹೋಗ್ಬೇಕಪ್ಪಾ ಅವ್ನು? ಬಿಡು, ಹಾಡು ಮುಗೀಲಿ. ಆಮೇಲೆ ಒಂದೇ ಒಂದು ತಪ್ಪು ಹೇಳು."

"ಒಂದೇನಾ? ಇಪ್ಪತ್ತು ಇರುತ್ತಲ್ಲ, ಯಾವುದನ್ನ ಹೇಳ್ಲಿ?"

"ಯಾವ್ದು ನಿಂಗೆ ತಡ್ಕೊಳಕ್ಕೇ ಆಗ್ಲಿಲ್ವೋ ಅದನ್ನ."

ಹುಟ್ಟುಗುಣ ಸುಟ್ಟರೂ ಹೋಗದು. ಪೆನ್ಸಿಲು ಜೇಬಿಗೆ ಹೋಯಿತು, ಹೆಬ್ಬೆರಳು ಮೊಣಕಾಲಿನ ಮೇಲೆ ಕುಟ್ಟಲು ಶುರುಮಾಡಿತು. ಆದರೆ ಮಾಸ್ಟರ ಮಾತು ಪಾಲಿಸಿದ್ದರಿಂದ ಒಂದು ಲಾಭವಾಯಿತು. ತಪ್ಪುಗಳೆಲ್ಲ ಒಂದೇ ಜಾತಿಯವಲ್ಲ ಎಂದು ಕಿವಿಗೆ ತಿಳಿಯುತ್ತಾ ಬಂತು. ಸಾಲಿನ ನಡುವೆ ಎಲ್ಲೋ ದೂರದ ಮನೆಗೆ ಬೆರಳು ಬಿದ್ದರೆ ಅದು ಬಸ್ಸಿನ ಹಾರನ್ನಿನಂತೆ ಬಂದು ಹೋಗುತ್ತದೆ, ಯಾರಿಗೂ ನೋವಿಲ್ಲ. ಸಾಲು ಇನ್ನೇನು ಕೂರಬೇಕು ಅನ್ನುವಾಗ, ಕರಿ ಮನೆ ಒತ್ತಬೇಕಾದ ಕಡೆ ಅದರ ಪಕ್ಕದ ಬಿಳಿ ಮನೆ ಒತ್ತಿದರೆ ಮಾತ್ರ ಮೈಮೇಲೆ ಮುಳ್ಳು ಏಳುತ್ತದೆ. ಜನ ರಾಗಗಳನ್ನು ಬಲ್ಲ ಹಾಗೆ ನಾನು ತಪ್ಪುಗಳನ್ನು ಬಲ್ಲವನಾದೆ.

ನನ್ನದೇ ಒಂದು ಎಡವಟ್ಟೂ ಇದೆ, ಹೊಸಬರಿಗೆ ಉಪಯೋಗವಾದೀತು. ಲಿಂಗರಾಜಪುರದಲ್ಲಿ ಅಂಚೆ ಇಲಾಖೆಯಿಂದ ನಿವೃತ್ತರಾದ ಒಬ್ಬರು ಮೊಮ್ಮಗಳ ನಾಮಕರಣಕ್ಕೆ ಒಂದು ದೇವರನಾಮ ನುಡಿಸಲೇಬೇಕೆಂದು ಹಟ ಹಿಡಿದರು. ಬಿಳಿ ಒಂದನೇ ಮನೆಯನ್ನು ಸ ಮಾಡಿಕೊಂಡು ಕಲಿಸಿದೆ. ನೀಟಾಗಿ ಕಲಿತರು. ನಾಮಕರಣದ ದಿನ ಹಾಡಲು ಕುಳಿತದ್ದು ಅವರ ಮಗಳು. ಅವಳ ಗಂಟಲು ಕರಿ ನಾಲ್ಕನೇ ಮನೆಯಲ್ಲಿ ಶುರುವಾಯಿತು. ಬೇರೆ ಮನೆಯಿಂದ ಸ ಹಿಡಿಯುವುದನ್ನು ನಾನು ಹೇಳಿಕೊಟ್ಟಿರಲೇ ಇಲ್ಲ. ಅವರು ಸರ್ಕಾರಿ ಕೆಲಸ ಮಾಡಿದವರು, ಶುರು ಮಾಡಿದ್ದನ್ನು ನಿಲ್ಲಿಸುವವರಲ್ಲ. ಅಪ್ಪ ಒಂದು ಶ್ರುತಿಯಲ್ಲಿ, ಮಗಳು ಒಂದು ಶ್ರುತಿಯಲ್ಲಿ ಹಾಡು ಮುಗಿಸಿದರು. ತೊಟ್ಟಿಲಿನ ಮಗು ಮಾತ್ರ ತನ್ನ ಅಭಿಪ್ರಾಯವನ್ನು ಜೋರಾಗಿ ಹೇಳಿತು. ಅಂದಿನಿಂದ ಯಾವ ಹಾಡನ್ನಾದರೂ ಎರಡು ಮನೆಯಿಂದ ಕಲಿಸುತ್ತಿದ್ದೆ.

ಬರಬರುತ್ತಾ ಹಾರ್ಮೋನಿಯಂ ಹೋಗಿ ಕೀಬೋರ್ಡ್ ಬಂತು. ಶ್ರುತಿ ಬದಲಿಸಲು ಒಂದು ಗುಂಡಿ ಒತ್ತಿದರೆ ಸಾಕು ಎನ್ನುವ ಕಾಲ. ಆಮೇಲೆ ಫೋನಿನಲ್ಲಿ ಪಾಠ. ಎದುರಿನವನ ಬೆರಳು ಈಗ ಒತ್ತಿದರೆ ಸದ್ದು ಆಮೇಲೆ ಬರುತ್ತದೆ, ನಾನು ಶಹಬ್ಬಾಸ್ ಅಂದರೆ ಅದು ಅವನ ಮುಂದಿನ ತಪ್ಪಿನ ಹೊತ್ತಿಗೆ ತಲುಪುತ್ತದೆ. ಇದರಲ್ಲಿ ಬೈಯುವುದಕ್ಕೆ ನನಗೇನೂ ಇಲ್ಲ. ಬೇಕೆಂದವರು ಹೇಗಾದರೂ ಕಲಿತರು, ಬೇಡವೆಂದವರಿಗೆ ಬಿಡಲು ಇನ್ನೊಂದು ನೆಪ ಸಿಕ್ಕಿತು.

ಇಂದಿರಾನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಪ್ರವೀಣ ಅಂತ ಒಬ್ಬನಿದ್ದ, ದಾವಣಗೆರೆ ಕಡೆಯವನು, ಒಳ್ಳೆಯ ಕೆಲಸದಲ್ಲಿದ್ದ. ಕೀಬೋರ್ಡಿನ ಬಿಳಿ ಮನೆಗಳ ಮೇಲೆಲ್ಲ ಸ ರಿ ಗ ಮ ಎಂದು ಸ್ಟಿಕ್ಕರ್ ಅಂಟಿಸಿಕೊಂಡು ಅದನ್ನು ನೋಡಿಕೊಂಡೇ ನುಡಿಸುತ್ತಿದ್ದ. ಹಬ್ಬಕ್ಕೆ ಊರಿನಿಂದ ಬಂದ ಅವನ ತಾಯಿ ಮನೆಯ ಧೂಳು ಹೊಡೆದರು. ಸ್ಟಿಕ್ಕರುಗಳನ್ನೆಲ್ಲ ಕಿತ್ತು, ಒದ್ದೆ ಬಟ್ಟೆಯಲ್ಲಿ ಕೀಬೋರ್ಡ್ ಒರೆಸಿ, ಅವನ್ನು ಅದೇ ಸಾಲಿನಲ್ಲಿ ಮತ್ತೆ ಅಂಟಿಸಿದರು. ಒಂದೇ ವ್ಯತ್ಯಾಸವೆಂದರೆ ಪಕ್ಕದ ಮನೆಯಿಂದ ಶುರು ಮಾಡಿದ್ದರು. ಇವನು ವಾರವೆಲ್ಲ ಅದನ್ನೇ ನೋಡಿಕೊಂಡು ಅಭ್ಯಾಸ ಮಾಡಿದ.

ನಾನು ಹೋದಾಗ ಒಂದಿಷ್ಟು ನುಡಿಸಿ, "ಸರ್, ರಾಗ ಸ್ವಲ್ಪ ಡಿಫರೆಂಟಾಗಿ ಬರ್ತಿದೆ, ಆದ್ರೆ ಚೆನ್ನಾಗಿದೆ ಅಲ್ವಾ?" ಅಂದ.

ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಇತ್ತು. ಅವನ ತಾಯಿ ನನ್ನ ಶಿಷ್ಯನಿಗೆ ಬೇರೊಂದು ರಾಗ ಕಲಿಸಿಬಿಟ್ಟಿದ್ದರು. ಸ್ಟಿಕ್ಕರುಗಳನ್ನೆಲ್ಲ ಉಗುರಿನಿಂದ ಕಿತ್ತು ಅವನ ಅಂಗೈಗೆ ಹಾಕಿದೆ. ಕಣ್ಣು ಕಲಿತರೆ ಕಿವಿ ನಿದ್ದೆ ಮಾಡುತ್ತದೆ ಎಂದು ಬೈದೆ. ಆಗ ಅಡುಗೆಮನೆಯ ಬಾಗಿಲಲ್ಲಿ ನೆಲ ಒರೆಸುವ ಕೋಲು ಹಿಡಿದು ಆ ಮನೆಯ ಕೆಲಸದ ಹೆಂಗಸು ನಿಂತಿದ್ದರು. ಪಾಠ ಮುಗಿಸಿ ನಾನು ಲಿಫ್ಟಿಗೆ ಕಾಯುತ್ತಿದ್ದರೆ ಹಿಂದೆಯೇ ಬಂದರು.

"ಮಾಸ್ತರ, ನನಗ ಪೇಟಿ ಬಾರಸೂದು ಕಲಸ್ತೀರೇನ್ರೀ?"

ಮಾಸ್ತರ ಎಂದು ನನ್ನನ್ನು ಯಾರೂ ಕರೆದಿರಲಿಲ್ಲ. ಪೇಟಿ ಎಂದರೆ ಉತ್ತರದ ಕಡೆಯವರಿಗೆ ಹಾರ್ಮೋನಿಯಂ. ಹೆಸರು ಕೇಳಿದೆ. ಶರಣಮ್ಮ, ಯಾದಗಿರಿ ಕಡೆ, ಈಗ ರಾಮಮೂರ್ತಿ ನಗರದಲ್ಲಿ ಬಾಡಿಗೆ ರೂಮು. ವಯಸ್ಸು ಐವತ್ತರ ಹತ್ತಿರ. ಲಿಫ್ಟು ಎರಡು ಸಲ ಬಂದು ಹೋಯಿತು. ಅಷ್ಟರಲ್ಲಿ ಅವರು ಹೇಳಿದ ಕಥೆ ಇಷ್ಟು: ಗಂಡ ಭೀಮರಾಯ ಗಾರೆ ಕೆಲಸದವರು, ಅದಕ್ಕಿಂತ ಮಿಗಿಲಾಗಿ ಹಾಡುಗಾರರು. ಆ ಕಡೆಯಿಂದ ಬಂದವರೆಲ್ಲ ಸೋಮವಾರ ಸಂಜೆ ಒಂದು ಶೀಟಿನ ಶೆಡ್ಡಿನಲ್ಲಿ ಸೇರಿ ಭಜನೆ ಮಾಡುತ್ತಿದ್ದರು, ಪದ ಎತ್ತುತ್ತಿದ್ದವರು ಭೀಮರಾಯ. ಒಂದು ದಿನ ಕೆಲಸದ ಜಾಗದಲ್ಲೇ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಉಳಿದದ್ದು "ಹಾಂ" ಎಂಬ ಒಂದೇ ಸದ್ದು. ನೀರು ಬೇಕೆಂದರೂ ಹಾಂ, ಬೇಡವೆಂದರೂ ಹಾಂ.

"ದವಾಖಾನಿ ಡಾಕ್ಟರಮ್ಮ ಹೇಳ್ಯಾರ್ರೀ, ತಲಿಯಾಗ ಮಾತಿನ ಜಾಗಾ ಬ್ಯಾರೆ, ಹಾಡಿನ ಜಾಗಾ ಬ್ಯಾರೆ ಅಂತ. ಹಾಡಿಸಿ ನೋಡ್ರಿ, ಹಾಡಿನ ಹಿಂದ ಮಾತು ಬಂದ್ರೂ ಬರಬಹುದು, ತಡಾ ಮಾಡಬ್ಯಾಡ್ರಿ ಅಂದ್ರು."

"ಮೊಬೈಲಲ್ಲಿ ಹಾಡು ಹಾಕಿ ನೋಡಿದ್ರಾ?"

"ಹಚ್ಚಿದ್ರ ಕೇಳ್ತಾರ, ಬಾಯಿ ತೆಗ್ಯಂಗಿಲ್ಲ."

"ನೀವೇ ಹಾಡಬಹುದಲ್ಲಮ್ಮಾ?"

"ಹಾಡಿದೆ ಮಾಸ್ತರ. ಗೋಡಿ ಕಡಿ ಮುಖಾ ತಿರುವಿ ಮಲ್ಕೊಂಡ್ರು. ಪೇಟಿ ಮುಂದ ಕುಂತ್ರಷ್ಟೇ ಹಾಡೂ ಮನಷ್ಯಾ ಅವ್ರು. ಭಜನಿ ಪೇಟಿ ನಮ್ಮ ಮನ್ಯಾಗೇ ಅದ. ಬಾರಸೂ ಅಣ್ಣ ಕೆಲಸಾ ಹುಡಿಕ್ಯಂಡು ಪುಣೆಕ್ಕ ಹೋದ."

ಇಂಥ ಕಾರಣಕ್ಕೆ ಯಾರೂ ನನ್ನ ಹತ್ತಿರ ಕಲಿಯಲು ಬಂದಿರಲಿಲ್ಲ. ಆಗುವುದಿಲ್ಲ ಎಂದೇ ನನಗನ್ನಿಸಿತು. ಬನ್ನಿ ಅಂದೆ.

ಇಂದಿರಾನಗರದ ಮನೆಗೆಲಸ ಮುಗಿಸಿ, ಬಸ್ಸು ಹಿಡಿಯುವ ಮೊದಲು ಹಲಸೂರಿನ ನನ್ನ ಕೋಣೆಗೆ ಬರುತ್ತಿದ್ದರು. ಹಾರ್ಮೋನಿಯಂನಲ್ಲಿ ಎಡಗೈ ಹಿಂದಿನ ತಿದಿ ಒತ್ತಿ ಗಾಳಿ ತುಂಬಬೇಕು, ಬಲಗೈ ಮನೆಗಳ ಮೇಲೆ ಓಡಬೇಕು. ಶರಣಮ್ಮ ತಿದಿಯನ್ನು ಒಲೆ ಊದಿದಂತೆ ಊದಿದರು. ಹಾಡಿಗಿಂತ ಗಾಳಿಯ ಸದ್ದೇ ಜೋರು. ಕೆಳಗಿನ ಪಾತ್ರೆ ಅಂಗಡಿಯವನು ಮೇಲೆ ಬಂದು ಇಣುಕಿ ಹೋದ. ಉಳಿದ ದೊಡ್ಡವರ ಹಾಗೆ ಅವರು ಒಮ್ಮೆಯೂ ಸಾರಿ ಅನ್ನಲಿಲ್ಲ. ತಪ್ಪು ಮನೆ ಒತ್ತಿದರೆ ಬೆರಳಿಗೇ ಬೈಯುತ್ತಿದ್ದರು. "ಎಲ್ಲಿಗಿ ಹೊಂಟೀ? ನಿನ್ನ ಬಾಯಾಗ ಮಣ್ಣ ಹಾಕ, ಇಲ್ಲಿ ಬಾ." ನನಗೆ ಅದು ಹಿಡಿಸಿತು. ತನ್ನ ಮೇಲೆ ಅಳುವವರಿಗಿಂತ ಬೆರಳಿನ ಮೇಲೆ ರೇಗುವವರು ಬೇಗ ಕಲಿಯುತ್ತಾರೆ.

ಕಲಿಸಿದ್ದು ಒಂದೇ ಹಾಡು, ಗುರುವಿನ ಮೇಲಿನ ಒಂದು ಪದ. ಭೀಮರಾಯರು ಭಜನೆಯಲ್ಲಿ ಮೊದಲು ಎತ್ತುತ್ತಿದ್ದದ್ದು ಅದನ್ನೇ. ಧಾಟಿ ಶರಣಮ್ಮನ ತಲೆಯಲ್ಲಿ ಅಚ್ಚಾಗಿತ್ತು, ಅವರು ಗುನುಗಿದ್ದನ್ನು ಕೇಳಿ ನಾನು ಮನೆ ಹುಡುಕಿಕೊಂಡೆ. ನಾನು ಕಾಗದದಲ್ಲಿ ಏನೂ ಬರೆದುಕೊಡಲಿಲ್ಲ. ಒಂದು ಸಾಲು ನಾನು ನುಡಿಸುವುದು, ಅದೇ ಸಾಲನ್ನು ಅವರು ಹುಡುಕುವುದು. ಆ ಪದದ ಮೂರನೆಯ ಸಾಲು ಕೊನೆಯಲ್ಲಿ ಒಂದು ಕರಿ ಮನೆಯ ಮೇಲೆ ಹೋಗಿ ಕೂರುತ್ತದೆ. ಶರಣಮ್ಮನ ಬೆರಳು ತಪ್ಪದೆ ಪಕ್ಕದ ಬಿಳಿ ಮನೆಗೇ ಹೋಗುತ್ತಿತ್ತು. ಅದೊಂದನ್ನು ತಿದ್ದಲು ಎಷ್ಟು ವಾರ ಹಿಡಿಯಿತೋ ನೆನಪಿಲ್ಲ, ನನ್ನ ಮೊಣಕಾಲಿನ ಮೇಲೆ ಹೆಬ್ಬೆರಳು ಕುಟ್ಟಿ ಕುಟ್ಟಿ ಸವೆಯಿತು.

ಒಂದು ದಿನ ತಿದಿ ಒತ್ತುವುದನ್ನು ನಿಲ್ಲಿಸಿ ಕೇಳಿದೆ. "ಅಲ್ಲಮ್ಮಾ, ಮಾತು ಬರದಿದ್ರೂ ಅವ್ರು ಎಲ್ಲ ಅರ್ಥ ಮಾಡ್ಕೋತಾರೆ ಅಂತೀರ. ಸನ್ನೆ ಮಾಡ್ತಾರೆ. ಇಷ್ಟ್ಯಾಕೆ ಒದ್ದಾಡ್ತೀರ?"

ಅವರು ಸೆರಗಿನಿಂದ ಪೇಟಿಯ ಧೂಳು ಒರೆಸುತ್ತಾ ಹೇಳಿದರು. "ಮದಿವಿ ಆದಾಗಿಂದ ಬೈದಾರ್ರೀ ನನಗ. ಉಪ್ಪು ಹೆಚ್ಚಾತಂದ್ರ ಬೈಗಳ, ಬಸ್ಸು ತಪ್ಪಿದ್ರ ಬೈಗಳ. ಇವ್ರ ಬಾಯಿ ಎಂದ ಮುಚ್ಚತದೋ ಶಿವಾ ಅಂತಿದ್ದೆ. ಈಗ ಮನಿ ಬಿಕೋ ಅಂತದ. ಒಂದ್ ಸಲ ಬೈದ್ರ ಸಾಕ್ರೀ ಮಾಸ್ತರ, ಮತ್ತೇನೂ ಬ್ಯಾಡ."

ಮತ್ತೆ ಮೂರನೆಯ ಸಾಲಿಗೆ ಹೋದೆವು.

ಕೊನೆಗೂ ಪದ ಪೂರ್ತಿ ಬಂತು. ಮೊದಲಿನಿಂದ ಕೊನೆಯವರೆಗೆ ಒಂದು ತಪ್ಪಿಲ್ಲ, ತಿದಿಯ ಗಾಳಿ ಹದವಾಗಿತ್ತು. ನಾನೇ ನೆನೆಸಿರಲಿಲ್ಲ. ಮನೆಯಲ್ಲಿ ನುಡಿಸಿ ನೋಡಿ ಎಂದು ಕಳಿಸಿದೆ. ಮುಂದಿನ ಸಲ ಬಂದವರು ಪೇಟಿಯ ಹತ್ತಿರ ಕೂರಲೇ ಇಲ್ಲ, ಬಾಗಿಲ ಬಳಿ ನಿಂತರು. ವಾರವಿಡೀ ನುಡಿಸಿದ್ದರು. ಭೀಮರಾಯರು ಕಣ್ಣು ಮುಚ್ಚಿ ಕೇಳಿದರು, ಮುಗಿದ ಮೇಲೆ "ಹಾಂ" ಅಂದರು, ಅಷ್ಟೇ. "ಹಾಡಿಲ್ರೀ. ಬ್ಯಾಡ ಬಿಡ್ರಿ ಮಾಸ್ತರ, ನನ್ನ ಹಣೇಬರಾ ಇಷ್ಟೇ ಕಾಣ್ತದ." ಇನ್ನು ಮೇಲೆ ಬರುವುದಿಲ್ಲ ಎಂದರು. ನಾನು ಒಮ್ಮೆ ಬಂದು ನೋಡುತ್ತೇನೆ ಅಂದೆ. ಏನು ಮಾಡಬಲ್ಲೆ ಎಂಬುದು ನನಗೆ ಖಂಡಿತ ತಿಳಿದಿರಲಿಲ್ಲ.

ಭಾನುವಾರ ಬೆಳಗ್ಗೆ ರಾಮಮೂರ್ತಿ ನಗರಕ್ಕೆ ಹೋದೆ. ಮೊದಲನೇ ಮಹಡಿಯಲ್ಲಿ ಸಾಲು ರೂಮುಗಳು, ಹೊರಗೆ ಉದ್ದಕ್ಕೂ ಒಗೆದ ಬಟ್ಟೆ. ಭೀಮರಾಯರು ಬಾಗಿಲಿನ ಪಕ್ಕದ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ದೊಡ್ಡ ಆಳು, ಬಲಗೈಯನ್ನು ತೊಡೆಯ ಮೇಲೆ ತಂದು ಇಟ್ಟಂತಿತ್ತು. ನನ್ನನ್ನು ನೋಡಿ ಎಡಗೈ ಎದೆಗೆ ಮುಟ್ಟಿಸಿಕೊಂಡು "ಹಾಂ" ಅಂದರು. ಅದು ಬನ್ನಿ ಎಂದು ನನಗೂ ತಿಳಿಯಿತು.

ಶರಣಮ್ಮ ನೆಲದ ಮೇಲೆ ಕೂತು ನುಡಿಸಿದರು. ತಪ್ಪಿಲ್ಲ. ಭೀಮರಾಯರು ಕಣ್ಣು ಮುಚ್ಚಿ, ಒಂದೊಂದು ಸಾಲು ಕೂತಾಗಲೂ ಒಂದಿಷ್ಟು ತಲೆ ಆಡಿಸಿ, ಕಚೇರಿಯ ಮೊದಲ ಸಾಲಿನಲ್ಲಿ ಕೂತ ಹಿರಿಯರಂತೆ ಕೇಳಿದರು. ನಾನೂ ಒಮ್ಮೆ ನುಡಿಸಿದೆ. ಅದಕ್ಕೂ ಅದೇ ತಲೆ, ಅದೇ ಹಾಂ. ಚಹಾ ಬಂತು, ಕುಡಿದೆ. ಇನ್ನು ಏನು ಹೇಳಿ ಎದ್ದು ಹೋಗುವುದು ಎಂದು ಯೋಚಿಸುತ್ತಾ, ಸುಮ್ಮನಿರಲಾರದೆ, "ಇನ್ನೊಂದ್ಸಲ ನುಡ್ಸಿ ಶರಣಮ್ಮ" ಅಂದೆ. ಅವರು ಬೇಸರದಲ್ಲೇ ಶುರು ಮಾಡಿದರು. ಮೂರನೆಯ ಸಾಲಿನ ಕೊನೆಗೆ ಬರುವಷ್ಟರಲ್ಲಿ ಪಕ್ಕದ ರೂಮಿನ ಕುಕ್ಕರ್ ಕೂಗಿತು. ಶರಣಮ್ಮ ಆ ಕಡೆ ತಿರುಗಿದರು, ಬೆರಳು ಕರಿ ಮನೆ ಬಿಟ್ಟು ಬಿಳಿ ಮನೆಗೆ ಬಿತ್ತು. ನನ್ನ ಹೆಬ್ಬೆರಳು ತಾನಾಗಿಯೇ ಮೊಣಕಾಲಿಗೆ ಕುಟ್ಟಿತು.

ಮಂಚದಿಂದ ಹಾಡು ಬಂತು.

ಒಡೆದ ದನಿ, ಆದರೆ ತುಂಬಿದ ದನಿ. ಆ ಸಾಲನ್ನು ಮೊದಲಿನಿಂದ ಎತ್ತಿ, ಪದಕ್ಕೆ ಪದ ಹಾಡಿ, ಕೂರಬೇಕಾದ ಜಾಗದಲ್ಲೇ ತಂದು ಕೂರಿಸಿದರು. ಒಂದು ಅಕ್ಷರ ತೊದಲಲಿಲ್ಲ. ಎಡಗೈ ಮಂಚದ ಅಂಚಿಗೆ ಎರಡು ಸಲ ಬಡಿಯಿತು. ಆಮೇಲೆ ಕಣ್ಣು ಬಿಟ್ಟು ಹೆಂಡತಿಯನ್ನು ಒಂದು ನೋಟ ನೋಡಿದರು. ಕಲಿಸುವವರೆಲ್ಲರಿಗೂ ಆ ನೋಟ ಗೊತ್ತು. ಶರಣಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ನನ್ನ ಕಣ್ಣು ತುಂಬಿತು, ಅದನ್ನು ಅವರಿಂದ ಬಚ್ಚಿಡಬೇಕು ಎಂದೂ ಅನ್ನಿಸಲಿಲ್ಲ.

"ಮತ್ತೊಮ್ಮೆ ಹಾಡ್ರಿ, ಮತ್ತೊಮ್ಮೆ" ಎನ್ನುತ್ತಾ ಶರಣಮ್ಮ ಅದೇ ಸಾಲನ್ನು ಈ ಸಲ ಸರಿಯಾಗಿ ನುಡಿಸಿದರು. ಭೀಮರಾಯರು ಕಣ್ಣು ಮುಚ್ಚಿ ತಲೆ ಆಡಿಸಿ "ಹಾಂ" ಅಂದರು.

ಮೆಟ್ಟಿಲು ಇಳಿಯುವಾಗ ನನಗೆ ವಿಷಯ ಹೊಳೆಯಿತು. ವರ್ಷಗಟ್ಟಲೆ ಭಜನೆಯಲ್ಲಿ ಪದ ಎತ್ತಿದ ಮನುಷ್ಯ. ಪೇಟಿಯವನು ದಾರಿ ತಪ್ಪಿದಾಗೆಲ್ಲ ಜೋರಾಗಿ ಹಾಡಿ ಅವನನ್ನು ದಾರಿಗೆ ತಂದೇ ಅಭ್ಯಾಸ. ಪೇಟಿ ಸರಿಯಾಗಿದ್ದರೆ ಅವರು ಕೇಳುಗರಾಗಿಬಿಡುತ್ತಾರೆ. ತಪ್ಪಿದರೆ ಮಾತ್ರ ಅವರ ಅಗತ್ಯ ಬೀಳುತ್ತದೆ.

ಇದನ್ನು ಹೇಳೋಣ ಎಂದುಕೊಂಡರೆ ಶರಣಮ್ಮ ನನಗಿಂತ ಮೊದಲೇ ಕಂಡುಕೊಂಡಿದ್ದರು. ಎರಡು ದಿನ ಬಿಟ್ಟು ಬಂದವರು ಪೇಟಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, "ಮಾಸ್ತರ, ಈಗ ನನಗ ತಪ್ಪು ಬಾರಸೂದು ಕಲಸ್ರಿ" ಅಂದರು.

"ಅದನ್ನ ಕಲಿಸೋದೇನಮ್ಮಾ? ಎಲ್ಲಾದ್ರೂ ತಪ್ಪಿಸಿ."

"ತಪ್ಪಿಸ್ದೆನ್ರೀ. ಎಲ್ಲಿ ಬೇಕಲ್ಲಿ ಬಾರ್ಸಿದೆ. ಮಂಗ್ಯಾನ ಕುಣಿತಾ ನೋಡಿದಂಗ ನಕ್ಕೋತ ಕುಂತ್ರು. ಆಮ್ಯಾಲ ಗೋಡಿ ಕಡಿ ತಿರುಗಿದ್ರು. ನನ್ನ ಬೆರಳಿಗಿ ಈಗ ಬರೇ ಖರೇದ್ದೇ ಬರ್ತದ ಮಾಸ್ತರ, ಏನ್ ಮಾಡ್ಲಿ?"

ನಾನು ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಶರಣಮ್ಮನೂ ನಕ್ಕರು. ಆಮೇಲೆ ಇಬ್ಬರೂ ಕೆಲಸಕ್ಕೆ ಕೂತೆವು. ನನ್ನ ಜೀವನದಲ್ಲಿ ಅಷ್ಟು ಕಷ್ಟದ ಪಾಠ ನಾನು ಮಾಡಿದ್ದಿಲ್ಲ. ಕಂಡಕಂಡಲ್ಲಿ ತಪ್ಪಿಸಿದರೆ ಪ್ರಯೋಜನವಿಲ್ಲ, ಹಾಡು ಬಲ್ಲವನಿಗೆ ಅದು ತಮಾಷೆ. ಅವನಿಗೆ ತಡೆದುಕೊಳ್ಳಲು ಆಗದಂಥ ತಪ್ಪು ಬೇಕು. ಅಂದರೆ ಉಳಿದದ್ದೆಲ್ಲ ಶುದ್ಧವಾಗಿರಬೇಕು, ಪದಕ್ಕೆ ಒಂದೇ ತಪ್ಪು, ಅದೂ ಸಾಲು ಹೋಗಿ ಕೂರುವ ಸ್ವರದಲ್ಲೇ. ತಿದಿ ತಡವರಿಸಬಾರದು. ತಪ್ಪಿದ ಮೇಲೆ ಗಂಡನ ಮುಖ ನೋಡಬಾರದು, ಏನೂ ಆಗಿಲ್ಲವೆಂಬಂತೆ ಮುಂದಕ್ಕೆ ಹೋಗಬೇಕು. ಇವತ್ತು ತಪ್ಪಿಸಿದ ಜಾಗದಲ್ಲಿ ನಾಳೆ ತಪ್ಪಿಸಬಾರದು. ದುಡಿಮೆಯ ಉದ್ದಕ್ಕೂ ಕೇಳಿ ಕೇಳಿ ಹಲ್ಲು ಕಡಿದಿದ್ದ ತಪ್ಪುಗಳನ್ನೆಲ್ಲ ಒಂದೊಂದಾಗಿ ನೆನೆದು ಅವರಿಗೆ ಹೇಳಿಕೊಟ್ಟೆ. ಬೆರಳು ಜಾರಿ ಸರಿಯಾದ ಮನೆಗೆ ಬಿದ್ದರೆ, "ಅಯ್ಯೋ, ಸರಿಯಾಗೋಯ್ತು, ಮತ್ತೆ ಮೊದಲಿಂದ" ಎನ್ನುತ್ತಿದ್ದೆ. ನಮ್ಮ ಪಾಠ ಕೇಳಿದ ಪಾತ್ರೆ ಅಂಗಡಿಯವನು ಮೇಷ್ಟರಿಗೆ ತಲೆ ಕೆಟ್ಟಿದೆ ಎಂದೇ ತಿಳಿದ.

ಅದು ಫಲಿಸಿತು. ಮೊದಲು ಒಂದು ಸಾಲು, ಆಮೇಲೆ ಬೇರೆ ಸಾಲು. ಒಂದು ಪದ ಹೋಗಿ ಮೂರು ಪದವಾಯಿತು. ಕೆಲವು ದಿನ ಹಾಡುತ್ತಿದ್ದರು, ಕೆಲವು ದಿನ ಇಲ್ಲ. ಸೋಮವಾರ ನಾಲ್ಕು ಜನ ಭಜನೆಯವರು ಆ ರೂಮಿಗೇ ಬಂದು ಕೂರತೊಡಗಿದರು. ಆದರೆ ಹಾಡು ನಿಂತ ಕೂಡಲೇ ಮಾತೂ ನಿಲ್ಲುತ್ತಿತ್ತು. ಹಾಡಿನ ಹೊರಗೆ ಅದೇ "ಹಾಂ", ನೀರಿಗೂ ಅದೇ, ಅನ್ನಕ್ಕೂ ಅದೇ. ಕೆಲವರಿಗೆ ಇಷ್ಟಕ್ಕೇ ನಿಲ್ಲುತ್ತದೆ ಎಂದು ಡಾಕ್ಟರಮ್ಮ ಮೆತ್ತಗೆ ಹೇಳಿ ಕಳಿಸಿದ್ದರು. ಅದನ್ನು ನನಗೆ ತಿಳಿಸುವಾಗ ಶರಣಮ್ಮ ಅಳಲಿಲ್ಲ. "ಹಾಡ್ತಾರಲ್ರೀ, ಅದೇ ಶಿವಾ ಕೊಟ್ಟಿದ್ದು" ಅಂದರು. ಮುಖದಲ್ಲಿ ಆ ಸಮಾಧಾನ ಇರಲಿಲ್ಲ. ನನಗೂ ಇರಲಿಲ್ಲ. ಕಲಿಯಲು ಬಂದವರು ಏನು ಕೇಳಿ ಬಂದರೋ ಅದನ್ನು ಕೊಡಲಾಗದೆ ಕಳಿಸುವುದು ಈ ಕೆಲಸದಲ್ಲಿ ಮಾಮೂಲು. ಆದರೆ ಆ ಸಲ ಅದು ನನ್ನನ್ನು ಬಹಳ ದಿನ ಕಾಡಿತು.

ಅಷ್ಟರಲ್ಲಿ ನಾನು ಕೋಣೆ ಬಿಡುವ ಕಾಲ ಬಂತು. ಕೊನೆಯ ಪಾಠದ ದಿನ ಶರಣಮ್ಮ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದರು. ನನ್ನ ಹತ್ತಿರ ಉಳಿದಿದ್ದ ನಾಲ್ಕೈದು ಒಳ್ಳೆಯ ತಪ್ಪುಗಳನ್ನು ಹೇಳಿಕೊಟ್ಟು ಕಳಿಸಿದೆ. ಆಮೇಲೆ ಬಹಳ ದಿನ ಸುದ್ದಿಯಿರಲಿಲ್ಲ.

ಒಂದು ಬೆಳಗ್ಗೆ ಮುಖಕ್ಕೆ ಸೋಪು ಹಚ್ಚಿಕೊಂಡು ಗಡ್ಡ ಕೆರೆಯಲು ನಿಂತಿದ್ದಾಗ ಫೋನು ಬಂತು. ಆ ಕಡೆ ಬಸ್ಸಿನ ಸದ್ದು, ಶರಣಮ್ಮನ ದನಿ ಏರಿತ್ತು.

"ಮಾಸ್ತರ, ನಿನ್ನಿ ಸಂಜೀಕಿ ಪೇಟಿ ಹಚ್ಚಿದ್ದೆ. ನೀವು ಹೇಳಿಕೊಟ್ಟಂಗ ಎರಡನೇ ಸಾಲಿನ್ಯಾಗ ತಪ್ಪಿಸ್ದೆ. ಹಾಡ್ಲಿಲ್ರೀ, ಸುಮ್ನ ನನ್ನ ಮುಖಾ ನೋಡಿದ್ರು. ಯಾಕೋ ಏನೋ ಅಂತ ಅಂಜಿಕಿ ಬಂತು. ಮತ್ತ ಬಾರ್ಸಿ ಅಲ್ಲೇ ತಪ್ಪಿಸ್ದೆ. ಮಂಚದ ಮ್ಯಾಲಿಂದ ಬಗ್ಗಿ ಎಡಗೈಲೆ ನನ್ನ ಕೈ ಗಟ್ಟಿ ಹಿಡದ್ರು."

"ಹಿಡ್ಕೊಂಡು ಏನಂತ ಹಾಡಿದ್ರು?"

ಅವರು ಅಳುತ್ತಿದ್ದಾರೋ ನಗುತ್ತಿದ್ದಾರೋ ಫೋನಿನಲ್ಲಿ ತಿಳಿಯಲಿಲ್ಲ.

"'ಬೇಕಂತ ತಪ್ಪು ಬಾರಸ್ಲಕತ್ತೀ, ಹುಚ್ಚಿ.' ಹಾಡ್ಲಿಲ್ರೀ ಮಾಸ್ತರ. ಅಂದ್ರು."